ಶುಐಬಾದಲ್ಲಿ ಹನ್ನೊಂದಾಯಿತು, ಯಾರ ಗಡಿಯಾರದಲ್ಲಿ?

ಜುಲೈ ತಿಂಗಳ ಒಂದು ಬೆಳಿಗ್ಗೆಯನ್ನು ಊಹಿಸಿಕೊಳ್ಳಿ. ಕುವೈತ್ ನಗರದಿಂದ ದಕ್ಷಿಣಕ್ಕೆ, ಕೊಲ್ಲಿಯ ನೀರಿಗೆ ಅಂಟಿಕೊಂಡಂತೆ ಶುಐಬಾ ಕೈಗಾರಿಕಾ ಪ್ರದೇಶ. ಒಂದು ಕಡೆ ಬಂದರಿನ ಕ್ರೇನ್‌ಗಳು, ಇನ್ನೊಂದು ಕಡೆ ಪೆಟ್ರೋಕೆಮಿಕಲ್ ಕಾರ್ಖಾನೆಗಳ ಗೋಪುರಗಳು, ಅದರಾಚೆ ವಿದ್ಯುತ್ ಸ್ಥಾವರದ ಚಿಮಣಿಗಳು. ಗ್ಲೌಸ್ ಇಲ್ಲದೆ ಪೈಪು ಮುಟ್ಟುವಂತಿಲ್ಲ. ಸ್ಕ್ಯಾಫೋಲ್ಡಿಂಗ್ ಮೇಲೆ ಕೂತ ನಮ್ಮ ಉಡುಪಿ ಕಡೆಯ ವೆಲ್ಡರ್ ಕೆಳಗೆ ನಿಂತ ಫೋರ್‌ಮನ್ ಕಡೆ ನೋಡುತ್ತಾನೆ. ಜೂನ್ 1ರಿಂದ ಆಗಸ್ಟ್ 31ರ ತನಕ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲು ಬಿಸಿಲಿನಲ್ಲಿ ಯಾರಿಂದಲೂ ಕೆಲಸ ಮಾಡಿಸಬಾರದು ಎಂಬುದು ಕುವೈತಿನ ನಿಯಮ. ವೆಲ್ಡರನ ಮೊಬೈಲಿನಲ್ಲಿ 11 ಆಗಿದೆ. ಫೋರ್‌ಮನ್ ಕೈಗಡಿಯಾರದಲ್ಲಿ ಇನ್ನೂ ಮೂರು ನಿಮಿಷ ಬಾಕಿ. ಗೇಟಿನಲ್ಲಿರುವ ಪಂಚಿಂಗ್ ಮೆಷಿನ್ ಎರಡನ್ನೂ ಒಪ್ಪುವುದಿಲ್ಲ.

ಮೂರು ನಿಮಿಷ ದೊಡ್ಡ ಮಾತೇನಲ್ಲ, ಇನ್ನೊಂದು ಜಾಯಿಂಟ್ ಮುಗಿಸಿ ಇಳಿದರಾಯಿತು ಎನ್ನಬಹುದು. ಆದರೆ ಆ ಮೂರು ನಿಮಿಷದಲ್ಲಿ ಒಬ್ಬ ತಲೆ ತಿರುಗಿ ಬಿದ್ದ ಅನ್ನಿ. ಆಗ ಅಪಘಾತ ಆದದ್ದು 11ಕ್ಕೆ ಮೊದಲೋ, ನಂತರವೋ? ಆ ಪ್ರಶ್ನೆ ಕೇಳುವವರೆಗೆ ಎಲ್ಲರ ಗಡಿಯಾರವೂ ಸರಿಯೇ. ಕೇಳಿದ ಮೇಲೆ ಯಾವ ಗಡಿಯಾರದ ಮಾತು ನಡೆಯುತ್ತದೋ ಅದೇ ಅಧಿಕೃತ ಸಮಯ.

ಸೂರ್ಯನನ್ನೇ ಕೇಳೋಣ

ಬಿಸಿಲಿನ ನಿಯಮ ತಾನೇ, ಸೂರ್ಯನೇ ಹೇಳಲಿ ಎಂದರೆ ಕೆಲಸ ಇನ್ನಷ್ಟು ತೊಡಕಾಗುತ್ತದೆ. ಕುವೈತಿನ ಗಡಿಯಾರ ಗ್ರೀನಿಚ್‌ಗಿಂತ 3 ಗಂಟೆ ಮುಂದಿದೆ. ಅದು 45 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನಿಗೆ ಹೊಂದುವ ಸಮಯ. ಶುಐಬಾ ಇರುವುದು 48 ಡಿಗ್ರಿಯನ್ನೂ ದಾಟಿ ಪೂರ್ವದಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಶುಐಬಾದ ಸೂರ್ಯ ಅಲ್ಲಿನ ಗಡಿಯಾರಕ್ಕಿಂತ ಸರಾಸರಿ ಹನ್ನೆರಡೂವರೆ ನಿಮಿಷ ಮುಂದೆ ಓಡುತ್ತಾನೆ. ಕೆಲಸ ನಿಷೇಧದ ಮೂರು ತಿಂಗಳಲ್ಲಿ ಸೂರ್ಯ ಅಲ್ಲಿ ನೆತ್ತಿಗೇರುವುದು 11.45ರಿಂದ 11.55ರೊಳಗೆ.

ಹಾಗಿದ್ದರೆ 11ರಿಂದ 4 ಎಂಬುದು ಯಾವ ಲೆಕ್ಕ? ನೆತ್ತಿಯ ಬಿಸಿಲಿಗಿಂತ ಮೊದಲು ಒಂದು ಗಂಟೆಯೂ ಇಲ್ಲ, ಆಮೇಲೆ ನಾಲ್ಕು ಗಂಟೆ. ಕಾರಣ ಮರಳಿನಲ್ಲಿದೆ. ಬಿಸಿಲು ಇಳಿಯತೊಡಗಿದ ಮೇಲೂ ನೆಲ ಕಾಯುತ್ತಲೇ ಇರುತ್ತದೆ, ನೆಲದ ಕಾವು ಗಾಳಿಗೆ ಏರುತ್ತದೆ. ಗಾಳಿ ಅತಿ ಹೆಚ್ಚು ಬಿಸಿಯಾಗುವುದು ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿ, ವಿಶ್ವ ಹವಾಮಾನ ಸಂಸ್ಥೆ ಅದನ್ನು ಪರಿಶೀಲಿಸಿ ಒಪ್ಪಿತು. ನಿಯಮ ಬರೆದವರು ಸೂರ್ಯನಿಗಿಂತ ಈ ಕಾವನ್ನು ನೋಡಿ ಗಂಟೆ ಗೊತ್ತುಮಾಡಿದ್ದಾರೆ ಎನ್ನಬೇಕು.

ಈಗ ಊರಿನ ಕಡೆ ತಿರುಗಿ. ಭಾರತದ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ಎಂಬತ್ತೆರಡೂವರೆ ಡಿಗ್ರಿ ರೇಖೆಯ ಮೇಲೆ. ಉಡುಪಿ ಅದಕ್ಕಿಂತ ಬಹಳ ಪಶ್ಚಿಮದಲ್ಲಿ, 75 ಡಿಗ್ರಿಗೂ ಈಚೆ. ಅಲ್ಲಿಯ ಸೂರ್ಯ ಗಡಿಯಾರಕ್ಕಿಂತ ಸರಾಸರಿ 31 ನಿಮಿಷ ಹಿಂದೆ. ಕೂಡಿ ನೋಡಿದರೆ ಒಂದು ತಮಾಷೆ ಸಿಗುತ್ತದೆ. ಸೂರ್ಯ ಉಡುಪಿಯ ನೆತ್ತಿಯಿಂದ ಶುಐಬಾದ ನೆತ್ತಿಗೆ ಬರಲು ತೆಗೆದುಕೊಳ್ಳುವುದು ಸುಮಾರು 1 ಗಂಟೆ 46 ನಿಮಿಷ. ಎರಡೂ ಊರಿನ ಗಡಿಯಾರಗಳ ಅಂತರ ಎರಡೂವರೆ ಗಂಟೆ. ಉಳಿದ 44 ನಿಮಿಷ ಆಕಾಶದಲ್ಲಿ ಎಲ್ಲೂ ಇಲ್ಲ. ಅದು ಎರಡು ಸರಕಾರಗಳು ಸೇರಿ ಮಾಡಿದ್ದು.

ಸೂರ್ಯೋದಯದವರು, ಸೂರ್ಯಾಸ್ತದವರು

ಸರಕಾರದ ಗಂಟೆ ಬರುವ ಮೊದಲು ಎರಡೂ ಕಡೆ ಬೇರೆ ಲೆಕ್ಕವಿತ್ತು. ನಮ್ಮಲ್ಲಿ ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ, ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ಅಳೆಯಲು ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ಆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಒಂದು ಗಳಿಗೆಗೆ ತುಂಬಿ ಮುಳುಗುತ್ತದೆ. ಮದುವೆಯ ಮುಹೂರ್ತದ ಹೊತ್ತಿಗೆ ಅದರ ಪಕ್ಕದಲ್ಲೇ ಒಬ್ಬರು ಕಣ್ಣು ಮಿಟುಕಿಸದೆ ಕೂತಿರಬೇಕಿತ್ತು.

ಕೊಲ್ಲಿಯ ನಾಡುಗಳಲ್ಲಿ ಎಣಿಕೆ ತಿರುವುಮುರುವು. ಅಲ್ಲಿ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಸೂರ್ಯ ಮುಳುಗಿದ ಕ್ಷಣಕ್ಕೆ ಗಡಿಯಾರದಲ್ಲಿ 12 ಗಂಟೆ. ಇದಕ್ಕೆ ಗುರೂಬಿ ಸಮಯ ಎಂದು ಹೆಸರು, ಗುರೂಬ್ ಅಂದರೆ ಅಸ್ತಮಾನ. ಸೂರ್ಯ ದಿನಾ ಒಂದೇ ಹೊತ್ತಿಗೆ ಮುಳುಗದ ಕಾರಣ ಗಡಿಯಾರವನ್ನು ಆಗಾಗ ತಿರುಗಿಸಿ ಸರಿಮಾಡಿಕೊಳ್ಳಬೇಕಿತ್ತು. ಇಪ್ಪತ್ತನೇ ಶತಮಾನದ ನಡುವಿನವರೆಗೂ ಈ ಪದ್ಧತಿ ಅರಬ್ ನಾಡುಗಳಲ್ಲಿ ಉಸಿರಾಡುತ್ತಿತ್ತು.

ಗಡಿಯಾರ ಬದಲಾದರೂ ನಮಾಜಿನ ಹೊತ್ತು ಸೂರ್ಯನನ್ನು ಬಿಡಲಿಲ್ಲ. ಆ ಲೆಕ್ಕಕ್ಕೆ ಕುವೈತಿನಲ್ಲಿ ಒಬ್ಬ ಮನುಷ್ಯನ ಹೆಸರೇ ನಿಂತಿದೆ. ಖಗೋಳಜ್ಞ ಸಾಲೆ ಅಲ್ ಉಜೈರಿ 1920ರಲ್ಲಿ ಹುಟ್ಟಿ, 2022ರ ಫೆಬ್ರವರಿಯಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು. ಅವರು ಲೆಕ್ಕ ಹಾಕಿ ಹೊರತಂದ ‘ಉಜೈರಿ ಪಂಚಾಂಗ’ವೇ ದೇಶದ ಅಧಿಕೃತ ಪಂಚಾಂಗವಾಯಿತು. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ ನಮ್ಮ ಮನೆಗಳ ಮೊಳೆಗೆ ನೇತುಬಿದ್ದ ಹಾಗೆ ಅದು ಅಲ್ಲಿನ ಮನೆ, ಮಸೀದಿ, ಕಚೇರಿಗಳಲ್ಲಿ ನೇತುಬಿದ್ದಿದೆ. ರಂಜಾನ್ ತಿಂಗಳಲ್ಲಿ ಕುವೈತ್ ನಗರದ ನಾಯಿಫ್ ಅರಮನೆಯಲ್ಲಿ ಸೂರ್ಯಾಸ್ತಕ್ಕೆ ಇಫ್ತಾರ್ ತೋಪು ಹಾರುತ್ತದೆ, ಟಿವಿ ಅದನ್ನು ನೇರವಾಗಿ ತೋರಿಸುತ್ತದೆ. ಶುಐಬಾ ಒಂದಿಷ್ಟು ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯ ನಗರಕ್ಕಿಂತ ಹೆಚ್ಚುಕಡಿಮೆ ಮುಕ್ಕಾಲು ನಿಮಿಷ ಮೊದಲು ಮುಳುಗುತ್ತಾನೆ. ತೋಪಿನ ಸದ್ದು ಅಷ್ಟು ದೂರ ತಲುಪುವಂತಿದ್ದರೂ ದಾರಿಗೇ ಎರಡು ನಿಮಿಷ ಬೇಕು. ಟಿವಿಯ ಚಿತ್ರವೂ ಉಪಗ್ರಹ ಸುತ್ತಿ ಬರುವಾಗ ಕೆಲವು ಸೆಕೆಂಡ್ ತಡವಾಗಿರುತ್ತದೆ. ಆದರೂ ಖರ್ಜೂರ ಬಾಯಿಗೆ ಹೋಗುವುದು ತೋಪಿಗೋ ಬಾಂಗಿಗೋ ಕಾದ ಮೇಲೆಯೇ, ಕಿಟಕಿಯಲ್ಲಿ ಸೂರ್ಯನನ್ನು ನೋಡಿ ಅಲ್ಲ.

ಕುವೈತಿನ ಕನ್ನಡ ಮನೆಗಳಲ್ಲಿ ಇದೇ ತೊಡಕು ಬೇರೆ ವೇಷದಲ್ಲಿ ಬರುತ್ತದೆ. ಊರಿನ ಪಂಚಾಂಗ ನೋಡಿ ಎರಡೂವರೆ ಗಂಟೆ ಕಳೆದರೆ ಆಯಿತು ಎಂಬುದು ವಾಡಿಕೆ. ತಿಥಿ ಮುಗಿಯುವ ಹೊತ್ತಿಗೆ ಈ ಲೆಕ್ಕ ಸರಿ, ಏಕೆಂದರೆ ತಿಥಿ ಸೂರ್ಯಚಂದ್ರರ ನಡುವಿನ ಅಂತರ. ಅದು ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ರಾಹುಕಾಲಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅದು ಆಯಾ ಊರಿನ ಹಗಲಿನ ಎಂಟರಲ್ಲೊಂದು ಪಾಲು. ಉಡುಪಿಯಲ್ಲಿ ಹಗಲು ವರ್ಷವಿಡೀ 12 ಗಂಟೆಯ ಆಸುಪಾಸು, ಹಾಗಾಗಿ ರಾಹುಕಾಲ ಒಂದೂವರೆ ಗಂಟೆ ಎಂದು ಬಾಯಿಪಾಠವಾಗಿದೆ. ಶುಐಬಾದಲ್ಲಿ ಜೂನ್ ಹಗಲು ಸುಮಾರು 14 ಗಂಟೆ, ರಾಹುಕಾಲ ಒಂದೂ ಮುಕ್ಕಾಲು ಗಂಟೆ. ಡಿಸೆಂಬರಿನಲ್ಲಿ ಹಗಲು ಹತ್ತು ಗಂಟೆ ಚಿಲ್ಲರೆ, ರಾಹುಕಾಲ ಒಂದೂಕಾಲು ಗಂಟೆ. ಮರುಭೂಮಿಯಲ್ಲಿ ರಾಹುವಿಗೂ ಬೇಸಿಗೆಯಲ್ಲಿ ಓವರ್‌ಟೈಮ್.

ಗಿರಣಿಯವರ ಮೂವತ್ತೊಂಬತ್ತು ನಿಮಿಷ

ಊರೂರಿಗೆ ಅದರದೇ ಸೂರ್ಯ ಸಾಲದು ಎಂದು ಮೊದಲು ಹೇಳಿದ್ದು ರೈಲು. ಮದ್ರಾಸ್ ವೀಕ್ಷಣಾಲಯದ ಸಮಯ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿತ್ತು, ರೈಲುಗಳು ಅದನ್ನು ಹಿಡಿದವು. ಬಾಂಬೆಯ ಸಮಯ 4 ಗಂಟೆ 51 ನಿಮಿಷ. ಅಂದಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ್ದು, ಉತ್ತರ ಕನ್ನಡ ಬಾಂಬೆ ಪ್ರಾಂತ್ಯದ್ದು. ಒಂದೇ ಕರಾವಳಿಯ ಎರಡು ಜಿಲ್ಲೆಗಳಿಗೆ ಅರ್ಧ ಗಂಟೆ ಅಂತರದ ಎರಡು ರಾಜಧಾನಿಗಳು.

1906ರ ಜನವರಿ 1ರಂದು ಇಡೀ ದೇಶಕ್ಕೆ ಐದೂವರೆ ಗಂಟೆಯ ಒಂದೇ ಸಮಯ ಬಂತು. ಬಾಂಬೆಗೆ ಅದು 39 ನಿಮಿಷ ಮುಂದೆ. ಗಿರಣಿ ಕಾರ್ಮಿಕರ ಕಣ್ಣಿಗೆ ಇದು ಖಗೋಳದ ವಿಷಯವಾಗಿ ಕಾಣಲಿಲ್ಲ. ಗಿರಣಿಯ ಗಂಟೆ ಅದೇ ಅಂಕಿಗೆ ಬಾರಿಸಿದರೂ ಸೂರ್ಯನ ಲೆಕ್ಕದಲ್ಲಿ ತಾವು 39 ನಿಮಿಷ ಮೊದಲೇ ಏಳಬೇಕು ಎಂದು ಅವರಿಗೆ ಅರ್ಥವಾಯಿತು. ಅದೇ ತಿಂಗಳು ಅವರು ಕೆಲಸ ಬಿಟ್ಟು ಹೊರಬಂದರು. ನಗರ ಎಷ್ಟು ಹಟ ಹಿಡಿಯಿತೆಂದರೆ ಬಾಂಬೆ ಸಮಯ ಪೂರ್ತಿ ಅಳಿಯಲು 1955 ಬೇಕಾಯಿತು, ಕಲ್ಕತ್ತಾ ಸಮಯ 1948ರವರೆಗೆ ಉಳಿಯಿತು. ಕಾನೂನು ಬಂದ ಮಾತ್ರಕ್ಕೆ ಸಮಯ ಅಧಿಕೃತವಾಗುವುದಿಲ್ಲ, ಜನ ಗಡಿಯಾರ ತಿರುಗಿಸಿಕೊಂಡಾಗ ಆಗುತ್ತದೆ.

ಕೊಲ್ಲಿಯಲ್ಲಿ ಇಂದಿಗೂ ಒಂದೇ ನೀರಿನ ಸುತ್ತ ಮೂರು ಸಮಯಗಳಿವೆ. ಕುವೈತ್, ಸೌದಿ, ಬಹ್ರೈನ್, ಕತಾರ್ ಮೂರು ಗಂಟೆಯವು. ಯುಎಇ, ಒಮಾನ್ ನಾಲ್ಕರವು. ಶುಐಬಾದ ದಡದಲ್ಲಿ ನಿಂತು ನೋಡಿದರೆ ನೀರಿನಾಚೆಯ ಇರಾನ್ ಮೂರೂವರೆಯದು.

ಹಾಳೆಯ ಮೇಲಿನ ಗಡಿಯಾರ

ಮೂರಾಗಲಿ, ಐದೂವರೆಯಾಗಲಿ, ಇವೆಲ್ಲ ಯಾವುದಕ್ಕೆ ಕೂಡಿಸಿದ ಸಂಖ್ಯೆ? ಹಿಂದೆ ಉತ್ತರ ಗ್ರೀನಿಚ್ ಎಂದಿತ್ತು. ಈಗ ಅದು ಯುಟಿಸಿ, ಜಗತ್ತು ಹೊಂದಿಸಿಕೊಂಡ ಸಾರ್ವತ್ರಿಕ ಸಮಯ. ಅದನ್ನು ಲೆಕ್ಕ ಹಾಕುವುದು ಪ್ಯಾರಿಸ್ ಪಕ್ಕದ ಸೇವ್ರ್‌ನಲ್ಲಿರುವ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಬ್ಯೂರೊ. 1967ರಿಂದ ಸೆಕೆಂಡಿಗೂ ಸೂರ್ಯನಿಗೂ ಸಂಬಂಧ ಕಡಿದಿದೆ. ಸೀಸಿಯಂ-133 ಪರಮಾಣುವಿನ ಒಂದು ನಿರ್ದಿಷ್ಟ ಕಂಪನ 919,26,31,770 ಬಾರಿ ಆದರೆ ಒಂದು ಸೆಕೆಂಡ್.

ಅಲ್ಲಿಗೆ ಹೋಗಿ ಆ ಮಹಾ ಗಡಿಯಾರವನ್ನು ತೋರಿಸಿ ಎಂದರೆ ತೋರಿಸಲು ಏನೂ ಇಲ್ಲ. ಹಲವು ದೇಶಗಳ 80ಕ್ಕೂ ಹೆಚ್ಚು ಪ್ರಯೋಗಾಲಯಗಳಲ್ಲಿರುವ ನೂರಾರು ಪರಮಾಣು ಗಡಿಯಾರಗಳ ಲೆಕ್ಕ ಸೇವ್ರ್‌ಗೆ ಬರುತ್ತದೆ. ಹೆಚ್ಚು ಸ್ಥಿರವಾದ ಗಡಿಯಾರಕ್ಕೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುತ್ತಾರೆ. ನಿನ್ನ ಗಡಿಯಾರ ಕಳೆದ ತಿಂಗಳು ಇಷ್ಟು ನ್ಯಾನೊಸೆಕೆಂಡ್ ಮುಂದಿತ್ತು, ನಿನ್ನದು ಇಷ್ಟು ಹಿಂದಿತ್ತು ಎಂದು ತಿಂಗಳಿಗೊಮ್ಮೆ ಪಟ್ಟಿ ಹೊರಡುತ್ತದೆ. ಜಗತ್ತಿನ ನಿಜವಾದ ಸಮಯ ಎಷ್ಟಿತ್ತು ಎಂಬುದು ಕೊನೆಯ ನ್ಯಾನೊಸೆಕೆಂಡಿನ ಮಟ್ಟಿಗೆ ಗೊತ್ತಾಗುವುದು ಆ ಸಮಯ ಕಳೆದುಹೋದ ಮೇಲೆ. ಸಂಘದ ಲೆಕ್ಕಪತ್ರ ವಾರ್ಷಿಕ ಸಭೆಯಲ್ಲಿ ಪಾಸಾದ ಹಾಗೆ.

ಪರಮಾಣು ತಪ್ಪುವುದಿಲ್ಲ, ಭೂಮಿ ಸ್ವಲ್ಪ ಅಡ್ಡಾದಿಡ್ಡಿ ತಿರುಗುತ್ತದೆ. ಎರಡನ್ನೂ ಹೊಂದಿಸಲು 1972ರಿಂದ ಈವರೆಗೆ 27 ಬಾರಿ ಅಧಿಕ ಸೆಕೆಂಡ್ ಸೇರಿಸಿದ್ದಾರೆ, ನಮ್ಮ ಅಧಿಕ ಮಾಸದ ಮರಿ ಅದು. ಕೊನೆಯದು ಬಂದದ್ದು ಯುಟಿಸಿಯ ಲೆಕ್ಕದಲ್ಲಿ 2016ರ ಡಿಸೆಂಬರ್ 31ರ ಕೊನೆಗೆ. ಆಗ ಶುಐಬಾದಲ್ಲಿ 2017ರ ಹೊಸ ವರ್ಷದ ಬೆಳಗಿನ ಜಾವ, ಮೂರು ಗಂಟೆಗೆ ಒಂದು ಕ್ಷಣ ಬಾಕಿ. ಆ ರಾತ್ರಿ ಶಿಫ್ಟಿನಲ್ಲಿದ್ದವರೆಲ್ಲ ಒಂದು ಸೆಕೆಂಡ್ ಹೆಚ್ಚು ದುಡಿದಿದ್ದಾರೆ. ಉಡುಪಿಯಲ್ಲಿ ಅದೇ ಸೆಕೆಂಡ್ ಐದೂವರೆಗೆ ಮುಂಚೆ ಬಂತು, ಹಾಲು ತರಲು ಹೊರಟವರಿಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಕಂಪ್ಯೂಟರುಗಳಿಗೆ. 61 ಸೆಕೆಂಡಿನ ನಿಮಿಷ ಅವುಗಳಿಗೆ ಜೀರ್ಣವಾಗುವುದಿಲ್ಲ. ಹಾಗಾಗಿ 2022ರ ನವೆಂಬರಿನಲ್ಲಿ ತೂಕ ಅಳತೆಗಳ ಮಹಾಸಭೆ, ಅಧಿಕ ಸೆಕೆಂಡ್ ಪದೇಪದೇ ಬೇಕಾಗದಂತೆ, ಭೂಮಿಗೂ ಗಡಿಯಾರಕ್ಕೂ ಇರಬಹುದಾದ ಅಂತರವನ್ನು 2035ರೊಳಗೆ ಹಿಗ್ಗಿಸುವುದೆಂದು ತೀರ್ಮಾನಿಸಿತು. 2023ರ ಕೊನೆಯಲ್ಲಿ ಕೊಲ್ಲಿಯದೇ ನಗರವಾದ ದುಬೈನಲ್ಲಿ ಸೇರಿದ ವಿಶ್ವ ರೇಡಿಯೊ ಸಂವಹನ ಸಮ್ಮೇಳನ ಅದಕ್ಕೆ ಸಮ್ಮತಿ ಕೊಟ್ಟಿತು. ಸೂರ್ಯನ ಕೈಯಲ್ಲಿ ಉಳಿದಿದ್ದ ಕೊನೆಯ ಎಳೆಯೂ ಸಡಿಲವಾಯಿತು.

ಕಂಟ್ರೋಲ್ ರೂಮಿನ ಮಿಲಿಸೆಕೆಂಡ್

ಇಷ್ಟೆಲ್ಲ ನಿಖರತೆ ಯಾರಿಗೆ ಬೇಕು ಎಂದರೆ ಉತ್ತರ ಶುಐಬಾದಂಥ ಜಾಗದಲ್ಲೇ ಇದೆ. ಇಂಥ ಸ್ಥಾವರಗಳ ಕಂಟ್ರೋಲ್ ರೂಮಿನ ಮಾಡಿನ ಮೇಲೆ ಅಣಬೆಯಾಕಾರದ ಸಣ್ಣ ಆಂಟೆನಾ ಇರುತ್ತದೆ. ಅದಕ್ಕೆ ಜಿಪಿಎಸ್‌ನಿಂದ ದಾರಿ ಬೇಡ, ಸಮಯ ಬೇಕು.

ನಡುರಾತ್ರಿ ಇಡೀ ಪ್ಲಾಂಟ್ ಟ್ರಿಪ್ ಆಯಿತು ಅನ್ನಿ. ಪಂಪ್ ಕೆಟ್ಟದ್ದರಿಂದ ಕರೆಂಟ್ ಹೋಯಿತೋ, ಕರೆಂಟ್ ಕುಸಿದದ್ದರಿಂದ ಪಂಪ್ ನಿಂತಿತೋ? ಪ್ರತಿಯೊಂದು ರಿಲೇ, ಪ್ರತಿಯೊಂದು ಬ್ರೇಕರ್ ತಾನು ಬಿದ್ದ ಕ್ಷಣವನ್ನು ಮಿಲಿಸೆಕೆಂಡಿನ ಮಟ್ಟಕ್ಕೆ ಬರೆದಿಟ್ಟಿರುತ್ತದೆ. 50 ಹರ್ಟ್ಸ್ ವಿದ್ಯುತ್ತಿನ ಒಂದು ಸುತ್ತು 20 ಮಿಲಿಸೆಕೆಂಡ್, ಕಥೆಯೆಲ್ಲ ಅಂಥ ಕೆಲವೇ ಸುತ್ತುಗಳಲ್ಲಿ ಮುಗಿದುಹೋಗುತ್ತದೆ. ಎರಡು ಯಂತ್ರಗಳ ಗಡಿಯಾರದಲ್ಲಿ ಅರ್ಧ ಸೆಕೆಂಡ್ ವ್ಯತ್ಯಾಸವಿದ್ದರೂ ಕಾರಣ ಪರಿಣಾಮವಾಗಿ, ಪರಿಣಾಮ ಕಾರಣವಾಗಿ ಕಾಣುತ್ತದೆ. ಮರುದಿನ ಬೆಳಿಗ್ಗೆ ತಪ್ಪು ಯಾರದ್ದೆಂದು ತೀರ್ಮಾನಿಸುವ ಸಭೆಯಲ್ಲಿ ಮೊದಲು ಕೇಳುವುದು ಇದನ್ನೇ: ಎಲ್ಲವೂ ಒಂದೇ ಸಮಯಕ್ಕೆ ಸಿಂಕ್ ಆಗಿದ್ದವಾ?

ಆ ಸಮಯ ಕೊಡುವ ಜಿಪಿಎಸ್ ಅಮೆರಿಕದ ಸೇನೆಯ ಕೈಯಲ್ಲಿದೆ. 2025ರ ಜೂನ್‌ನಲ್ಲಿ ಇರಾನ್–ಇಸ್ರೇಲ್ ಸಂಘರ್ಷದ ಹೊತ್ತಿಗೆ ಕೊಲ್ಲಿಯಲ್ಲಿ, ಹೋರ್ಮುಜ್ ಜಲಸಂಧಿಯ ಆಸುಪಾಸಿನಲ್ಲಿ ಉಪಗ್ರಹ ಸಂಕೇತಗಳಿಗೆ ಭಾರೀ ಅಡ್ಡಿಯಾಗಿ, ಹಡಗುಗಳು ನಕ್ಷೆಯ ಮೇಲೆ ತಾವಿಲ್ಲದ ಜಾಗದಲ್ಲಿ ಕಾಣಿಸಿಕೊಂಡವು. ದಾರಿ ತಪ್ಪಿಸುವ ಸಂಕೇತ ಸಮಯವನ್ನೂ ತಪ್ಪಿಸಬಲ್ಲದು. ಆದ್ದರಿಂದಲೇ ಮುಖ್ಯ ಸ್ಥಾವರಗಳು ಆಂಟೆನಾವನ್ನೇ ನಂಬಿ ಕೂರದೆ, ಸಂಕೇತ ನಿಂತರೂ ಹೊತ್ತು ಕಾಯುವ ಒಳ್ಳೆಯ ಗಡಿಯಾರವನ್ನು ಒಳಗೂ ಇಟ್ಟುಕೊಳ್ಳುತ್ತವೆ.

ವಿದ್ಯುತ್ತೇ ಒಂದು ಗಡಿಯಾರ ಎಂಬುದೂ ಇಲ್ಲಿ ಕಾಣುತ್ತದೆ. ಗೋಡೆಯ ಪ್ಲಗ್ಗಿಗೆ ಹಾಕುವ ಹಳೆಯ ಮಾದರಿಯ ಅಲಾರಂ ಗಡಿಯಾರಗಳು ಕರೆಂಟಿನ ಸುತ್ತುಗಳನ್ನೇ ಎಣಿಸುತ್ತವೆ. ಸೌದಿಯ ವಿದ್ಯುತ್ 60 ಹರ್ಟ್ಸ್, ಕುವೈತಿನದು 50. ದಮ್ಮಾಮಿನಿಂದ ಕೆಲಸ ಬದಲಿಸಿ ಬಂದವರು ಅಲ್ಲಿಯ ಅಂಥ ಗಡಿಯಾರವನ್ನು ಇಲ್ಲಿ ಹಚ್ಚಿದರೆ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. 2018ರ ಆರಂಭದಲ್ಲಿ ಸರ್ಬಿಯಾ ಮತ್ತು ಕೊಸೊವೊ ನಡುವಿನ ಜಗಳದಿಂದ ಯುರೋಪಿನ ಗ್ರಿಡ್‌ಗೆ ವಿದ್ಯುತ್ ಕೊರತೆಯಾಗಿ, ಕರೆಂಟಿನ ಸುತ್ತು ನಿಧಾನವಾಗಿ, ಆ ಖಂಡದ ಇಂಥ ಗಡಿಯಾರಗಳು ಸುಮಾರು ಆರು ನಿಮಿಷ ಹಿಂದೆ ಬಿದ್ದವು. ಇಬ್ಬರ ಬಾಕಿ ಲೆಕ್ಕಕ್ಕೆ ಊರಿನವರೆಲ್ಲ ಬಸ್ ತಪ್ಪಿಸಿಕೊಂಡ ಹಾಗೆ.

ಬೆಂಗಳೂರಿನ ಪಾಲು

ಭಾರತದ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಆದರೆ ನಮ್ಮ ಫೋನು, ಬ್ಯಾಂಕು, ಕಾರ್ಖಾನೆಗಳು ಬಹುಮಟ್ಟಿಗೆ ಸಮಯ ಪಡೆದದ್ದು ಹೊರಗಿನ ಸರ್ವರ್‌ಗಳಿಂದ ಮತ್ತು ಜಿಪಿಎಸ್‌ನಿಂದ. 2022ರ ಏಪ್ರಿಲಿನಲ್ಲಿ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್, ಕಂಪ್ಯೂಟರ್ ವ್ಯವಸ್ಥೆಗಳ ಗಡಿಯಾರವನ್ನು ಸರಕಾರಿ ಮೂಲಕ್ಕೆ ಹೊಂದಿಸಬೇಕೆಂದು ನಿರ್ದೇಶಿಸಿತು. ಅಪರಾಧ ಪತ್ತೆಗೆ ದಾಖಲೆ ಜೋಡಿಸುವಾಗ ಯಾರ ಗಡಿಯಾರ ಎಂಬ ಪ್ರಶ್ನೆ ಏಳಬಾರದಲ್ಲ. 2025ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಕಾನೂನು, ಆಡಳಿತ, ವಾಣಿಜ್ಯ ಎಲ್ಲಕ್ಕೂ ಭಾರತೀಯ ಕಾಲಮಾನವನ್ನೇ ಕಡ್ಡಾಯ ಮಾಡುವ ಕರಡು ನಿಯಮ ಪ್ರಕಟಿಸಿತು. ದೆಹಲಿಯ ಸಮಯವನ್ನು ದೇಶಕ್ಕೆ ಹಂಚಲು ಗೊತ್ತುಮಾಡಿದ ಐದು ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನದು. ತೂಕದ ಬಟ್ಟು, ಅಳತೆಯ ಲೀಟರು ಪರೀಕ್ಷಿಸುವ ಇಲಾಖೆಯ ಕೈಗೇ ಸೆಕೆಂಡೂ ಬಂದಿದೆ.

ಬೆಂಗಳೂರಿಗೆ ಇನ್ನೊಂದು ಗಡಿಯಾರವೂ ಉಂಟು. ಜಿಪಿಎಸ್‌ನಂಥ ನಮ್ಮದೇ ನಾವಿಕ್ ಉಪಗ್ರಹಗಳ ಸಮಯವನ್ನು ಕಾಯುವುದು ನಗರದ ಹೊರವಲಯದ ಬ್ಯಾಲಾಳುವಿನ ಇಸ್ರೊ ಕೇಂದ್ರ. ಮೊದಲ ಉಪಗ್ರಹದ ಆಮದು ಮಾಡಿದ ಮೂರೂ ಪರಮಾಣು ಗಡಿಯಾರಗಳು 2016ರಲ್ಲಿ ಕೈಕೊಟ್ಟವು. ಸ್ವದೇಶಿ ರುಬಿಡಿಯಂ ಗಡಿಯಾರ ಹೊತ್ತ ಎನ್‌ವಿಎಸ್-01 ಮೇಲೇರಿದ್ದು 2023ರ ಮೇ 29ರಂದು. 1961ರಲ್ಲಿ ಎಚ್‌ಎಂಟಿ ಕೈಗಡಿಯಾರ ಕಟ್ಟಲು ಶುರು ಮಾಡಿದ ಊರಿಗೆ ಗಡಿಯಾರದ ಟಿಕ್ ಟಿಕ್ ಹೊಸದೇನಲ್ಲ.

ಮತ್ತೆ ಗೇಟಿನ ಬಳಿ

ಈಗ ಫೋರ್‌ಮನ್‌ನ ಮೂರು ನಿಮಿಷಕ್ಕೆ ಬರೋಣ. ಅವನು ಮೋಸ ಮಾಡುತ್ತಿಲ್ಲದೆಯೂ ಇರಬಹುದು. ಕ್ವಾರ್ಟ್ಜ್ ಗಡಿಯಾರದ ಹರಳು ಸೆಕೆಂಡಿಗೆ 32,768 ಬಾರಿ ಮಿಡಿಯುವಂತೆ ಕತ್ತರಿಸಿದ್ದು, 25 ಡಿಗ್ರಿಯ ಹವೆಗೆ. 50 ಡಿಗ್ರಿಯಲ್ಲಿ ಅದು ದಿನಕ್ಕೆ ಸುಮಾರು ಎರಡು ಸೆಕೆಂಡ್ ಹಿಂದೆ ಬೀಳುತ್ತದೆ. ತಿಂಗಳಿಗೆ ಒಂದು ನಿಮಿಷ. ಎಸಿ ಇಲ್ಲದ ಟೂಲ್ ರೂಮಿನಲ್ಲಿ ಬೇಸಿಗೆಯಿಡೀ ಬಿದ್ದಿರುವ ಗಡಿಯಾರ ತಾನಾಗಿಯೇ ಮೂರು ನಿಮಿಷ ಸೋತಿರಬಹುದು, ಅದನ್ನು ನೋಡಿ ಹೊಂದಿಸಿಕೊಂಡ ಕೈಗಡಿಯಾರವೂ ಅಷ್ಟೇ. ಬಿಸಿಲಿನಲ್ಲಿ ಕೆಲಸ ನಿಲ್ಲಿಸಬೇಕಾದ ಗಡಿಯಾರವನ್ನು ಬಿಸಿಲೇ ನಿಧಾನ ಮಾಡಿದೆ.

ಪಂಚಿಂಗ್ ಮೆಷಿನ್ ಹೀಗೆ ಹಿಂದಿದ್ದರೆ ಡ್ಯೂಟಿಯ ಲೆಕ್ಕಕ್ಕೆ ನಷ್ಟವಿಲ್ಲ. ಬರುವಾಗಲೂ ಮೂರು ನಿಮಿಷ ಕಡಿಮೆ, ಹೋಗುವಾಗಲೂ ಕಡಿಮೆ, ನಡುವಿನ ಎಂಟು ಗಂಟೆ ಹಾಗೆಯೇ ಉಳಿಯುತ್ತದೆ. 2010ರ ಕುವೈತ್ ಕಾರ್ಮಿಕ ಕಾಯ್ದೆ ಹೇಳುವ ವಾರದ 48 ಗಂಟೆಯನ್ನಾಗಲಿ, ಓವರ್‌ಟೈಮಿಗೆ ಸೇರಬೇಕಾದ ಶೇ 25ರ ಹೆಚ್ಚುವರಿಯನ್ನಾಗಲಿ ಯಾವ ಸ್ಥಿರವಾದ ಗಡಿಯಾರದಿಂದಲೂ ಲೆಕ್ಕ ಹಾಕಬಹುದು. ಅವಧಿಯನ್ನು ಅಳೆಯಬಹುದು, ಗಳಿಗೆ ಬಟ್ಟಲಿಗೂ ಆ ಕೆಲಸ ಬರುತ್ತಿತ್ತು. ಹನ್ನೊಂದು ಗಂಟೆ ಎಂಬುದು ಅವಧಿಯಲ್ಲ, ಒಂದು ಗೆರೆ. ಗೆರೆಯನ್ನು ಯಾವ ಯಂತ್ರವೂ ಹುಡುಕಿಕೊಡಲಾರದು, ಒಬ್ಬರು ಎಳೆಯಬೇಕು, ಉಳಿದವರು ಒಪ್ಪಬೇಕು.

ಬಾಂಬೆಯ ಗಿರಣಿಯವರ ಹೊತ್ತು ಮಾಲೀಕನ ಗಂಟೆಯ ಕೈಯಲ್ಲಿತ್ತು. ಸ್ಕ್ಯಾಫೋಲ್ಡಿಂಗ್ ಮೇಲಿನವನ ಜೇಬಿನಲ್ಲಿರುವ ಮೊಬೈಲಿಗೆ ನೆಟ್‌ವರ್ಕ್ ಮೂಲಕ ಪರಮಾಣು ಗಡಿಯಾರಗಳ ಸಮಯವೇ ಬರುತ್ತದೆ, ಕಂಟ್ರೋಲ್ ರೂಮಿಗೆ ಬರುವಂಥದ್ದೇ. ಅವನ ಹತ್ತಿರ ಈಗ ಸರಿಯಾದ ಸಮಯ ಇದೆ. ‘ಹನ್ನೊಂದಾಯಿತು’ ಎಂದು ಅವನು ಹೇಳಿದಾಗ ಅದು ನಡೆಯಬೇಕು, ಅಷ್ಟು ಮಾತ್ರ ಉಳಿದಿದೆ. ಅದನ್ನು ಸೀಸಿಯಂ ಕೊಡಲಾರದು.

ಸಂಜೆ ಅವನು ಕ್ಯಾಂಪಿಗೆ ಮರಳಿದಾಗ ಊರಿನಿಂದ ಫೋನು.

‘ಊಟ ಆಯ್ತಾ ಮಗ?’

‘ಎಂತ ಊಟ ಅಮ್ಮ, ಇಲ್ಲಿ ಇನ್ನೂ ಆರೂವರೆ. ಬಿಸಿಲು ಉಂಟು.’

‘ಇಲ್ಲಿ ಒಂಬತ್ತಾಯ್ತು ಮಾರಾಯ, ದೀಪ ಹಚ್ಚಿಯೇ ಎರಡು ಗಂಟೆ ಆಯ್ತು.’

ಅವರಿಬ್ಬರ ಲೆಕ್ಕದಲ್ಲಿ ಆ 44 ನಿಮಿಷ ಎಂದೂ ಬಂದಿಲ್ಲ. ಎರಡೂವರೆ ಕಳೆದರೆ ಮಗನ ಹೊತ್ತು, ಕೂಡಿಸಿದರೆ ಅಮ್ಮನ ಹೊತ್ತು.